ಶಹಜಾದಬಿ ನೆನೆಸಿಟ್ಟ ಉಣ್ಣೆ

"ಅದನ್ನ ಮುಟ್ಟಬ್ಯಾಡ್ರಿ! ಅಲ್ಲೇ ಬಿಡ್ರಿ!" ಎಂದು ಕೂಗುತ್ತ ಹೀನಾ ಒಳಗಿನಿಂದ ಓಡಿ ಬಂದಳು.

ಅಂಗಳದಲ್ಲಿ ಇಬ್ಬರು ಗಂಡಸರು ಒದ್ದೆ ಸುರುಳಿಯೊಂದರ ಎರಡು ತುದಿ ಹಿಡಿದು ಆಗಲೇ ಮೊಣಕಾಲ ಮಟ್ಟಕ್ಕೆ ಎತ್ತಿದ್ದರು. ಚಾಪೆಯಲ್ಲಿ ಸುತ್ತಿ ಹಗ್ಗ ಬಿಗಿದ ಸುರುಳಿ ಅದು. ಆಳಿಗಿಂತ ಉದ್ದವಿತ್ತು, ಒಂದು ತುದಿಯಿಂದ ಅಂಟವಾಳದ ನೊರೆ ಬೆರೆತ ನೀರು ತೊಟ್ಟಿಕ್ಕುತ್ತಿತ್ತು. ಒಳಗಿದ್ದ ಮಯ್ಯತ್ತಿಗೆ ಕೊನೆಯ ಸ್ನಾನ ಮಾಡಿಸಲು ಅಂಗಳದಲ್ಲಿ ಜಾಗ ಬೇಕಾಗಿತ್ತು, ಇದನ್ನು ಹಿತ್ತಲಿಗೆ ಒಯ್ದು ಒಗೆದರಾಯಿತು ಎಂದು ಅವರು ಹೊರಟಿದ್ದರು.

"ಹೆಣಭಾರ ಐತಲ್ಲೋ ಮಾರಾಯ," ಎಂದ ಒಬ್ಬ. ಎಲ್ಲಿ ನಿಂತು ಏನು ಅಂದೆ ಎಂಬುದು ಹೊಳೆದು ನಾಲಿಗೆ ಕಚ್ಚಿಕೊಂಡ.

ಸುರುಳಿ ಮತ್ತೆ ನೆಲಕ್ಕಿಳಿಯಿತು. ಹೀನಾ ಕುಕ್ಕರಗಾಲಿನಲ್ಲಿ ಕುಳಿತು ಹಗ್ಗಗಳನ್ನು ಒಂದೊಂದಾಗಿ ಎಳೆದು ನೋಡಿದಳು. ನಡುವಿನ ಒಂದು ಹಗ್ಗ ಸ್ವಲ್ಪ ಸಡಿಲಾಗಿತ್ತು. ಅದನ್ನು ಎಳೆದು ಬಿಗಿ ಮಾಡಿದಳು. ಒಳಗೆ ಅವಳ ಅತ್ತೆ ಶಹಜಾದಬಿ ಬಿಳಿ ಚಾದರದ ಕೆಳಗೆ ಮಲಗಿದ್ದಳು. ಬೆಳಗಿನ ನಮಾಜು ಮುಗಿಸಿ, "ಚಾ ಇಡು, ಕುಡದು ತುಳಿಯಾಕ ಸುರು ಮಾಡೂಣು" ಎಂದು ಹೇಳಿ ಗೋಡೆಗೆ ಒರಗಿ ಕುಳಿತವಳು, ಚಹಾ ಕುದಿಯುವುದರೊಳಗೆ ಹೋಗಿಬಿಟ್ಟಿದ್ದಳು. ಒಂದು ದಿನ ಹಾಸಿಗೆ ಹಿಡಿದವಳಲ್ಲ, ಒಂದು ಮಾತ್ರೆ ನುಂಗಿದವಳಲ್ಲ. ಎಂಥ ಸಾವು ಎಂದು ಅಕ್ಕೋಳದ ಓಣಿಯಲ್ಲಿ ಬೆಳಗಿನಿಂದ ಎಲ್ಲರೂ ಹೊಟ್ಟೆಕಿಚ್ಚು ಪಡುತ್ತಲೇ ಅಳುತ್ತಿದ್ದರು.

ಬಾನುಬಿ ಹೊಸ್ತಿಲ ಮೇಲೆ ಬಂದು ನಿಂತಳು. ಶಹಜಾದಬಿಯ ಗಂಡ ಹುಸೇನಮಿಯಾನ ಅಕ್ಕ ಅವಳು. ಸುದ್ದಿ ಕೇಳಿ ಚಿಕ್ಕೋಡಿಯಿಂದ ಮೊದಲ ಬಸ್ಸಿಗೇ ಬಂದಿದ್ದಳು.

"ಏನ್ ಹೀನಾ, ಅತ್ತಿ ಮಯ್ಯತ್ ಒಳಗೈತಿ, ನಿನಗ ಕುರಿ ಕೂದಲದ ಚಿಂತಿ ಹತ್ತೇತೇನ?"

"ಫುಫೂ, ಇದು ಹಾಸು ಮಾಡಾಕ ನಿನ್ನೆ ಸಂಜೀಕ ಅತ್ತಿ ಉಣ್ಣಿ ಹರವಿ, ನೆನೆಸಿ ಸುತ್ತಿದ್ದು. ಇವತ್ತ ತುಳೀಲಿಲ್ಲಂದ್ರ ಒಳಗ ಸುಕ್ಕ ಹಿಡಿತೈತಿ. ಪದರಿಗೆ ಪದರ ಅಂಟಕೋತೈತಿ. ಆಮ್ಯಾಲೆ ಬಿಚ್ಚಾಕೂ ಬರಂಗಿಲ್ಲ."

"ಹೋದರ ಹೋಗ್ಲಿ. ಮುಂದ ಬ್ಯಾರೆ ಉಣ್ಣಿ ತಂದು ಮಾಡಿಕೋರಿ."

"ಬ್ಯಾರೆ ಉಣ್ಣಿ ಎಲ್ಲೈತ್ರಿ? ಮಲಕಾರಿ ಮಾಮಾ ಕುರಿ ಮಾರ್‍ಯಾನ. ಅವನ್ನ ಕಡೀ ಸಲ ಕತ್ತರಿಸಿದ್ದ ಉಣ್ಣಿ ಇದು. ಅಷ್ಟೂ ಇದರಾಗ ಐತಿ."

ಬಾನುಬಿಗೆ ಮಲಕಾರಿಯೂ ಗೊತ್ತಿಲ್ಲ, ಅವನ ಕುರಿಯೂ ಗೊತ್ತಿಲ್ಲ. ಅವಳಿಗೆ ಗೊತ್ತಿದ್ದದ್ದು ರಿವಾಜು. "ಮಯ್ಯತ್ ಮನ್ಯಾಗ ಮೂರು ದಿನ ಒಲಿ ಹಚ್ಚಂಗಿಲ್ಲ, ಕೆಲಸಕ್ಕ ಕೈ ಹಾಕಂಗಿಲ್ಲ. ಅತ್ತಿ ಮಣ್ಣಿಗೆ ಹೋಗೂದರಾಗ ಸೊಸಿ ಧಂದೆ ಸುರು ಮಾಡಿದ್ಲು ಅಂತ ಮಂದಿ ಅನ್ನಬೇಕೇನ?"

ಹೀನಾ ಬಾಗಿಲಿನ ಕಡೆ ನೋಡಿದಳು. ಅವಳ ಗಂಡ ಫಿರೋಜ ಕಫನಿನ ಬಟ್ಟೆ ತರಲು ನಿಪ್ಪಾಣಿಗೆ ಹೊರಟವನು ಗಾಡಿ ನಿಲ್ಲಿಸಿ, "ನನಗೇನೂ ತಿಳಿಯವಲ್ದು. ಅಪ್ಪಾನ್ನ ಕೇಳು. ಅಂವಾ ಹೂಂ ಅಂದರ ಮಾಡು, ಬ್ಯಾಡಂದರ ಬಿಟ್ಟಬಿಡು," ಎಂದ. ಅಪ್ಪ ಹುಸೇನಮಿಯಾ ಬೇವಿನ ಕಟ್ಟೆಯ ಮೇಲೆ ಗಂಡಸರ ನಡುವೆ ತಲೆ ತಗ್ಗಿಸಿ ಕುಳಿತಿದ್ದ. ಅವನನ್ನು ಈಗ ಇದನ್ನೆಲ್ಲ ಕೇಳುವುದು ಹೇಗೆ? ಅದೂ ಉಣ್ಣೆಯ ವಿಷಯ. ಹೀನಾ ಸುರುಳಿಯ ಮೇಲೆ ಒಂದು ಒದ್ದೆ ಗೋಣಿಚೀಲ ಹೊದಿಸಿ ಒಳಗೆ ಹೋದಳು.

*

ಹೀನಾ ಈ ಮನೆಗೆ ಸೊಸೆಯಾಗಿ ಬರುವುದಕ್ಕಿಂತ ಎಷ್ಟೋ ಮೊದಲಿನ ಮಾತು.

ಇದು ನದಾಫರ ಮನೆ. ಹುಸೇನಮಿಯಾನ ಅಪ್ಪ, ಅಜ್ಜ ಎಲ್ಲರೂ ಬಿಲ್ಲಿನ ತಂತಿಯಿಂದ ಹತ್ತಿ ಬಡಿದು ಎಕ್ಕಿ, ಗಾದಿ ಹೊಲಿದೇ ಬಾಳಿದವರು. ಹುಸೇನಮಿಯಾ ಹೆಗಲ ಮೇಲೆ ಬಿಲ್ಲು ಹೊತ್ತು ಓಣಿಯಲ್ಲಿ ನಡೆದರೆ ಹೆಂಗಸರು ಹಳೆಯ ಗಾದಿಗಳನ್ನು ಹೊರಗೆ ಎಳೆಯುತ್ತಿದ್ದರು. ಅವನು ಎಕ್ಕುವುದು, ಶಹಜಾದಬಿ ಹೊಲಿಯುವುದು. ಆಮೇಲೆ ಎಕ್ಕುವ ಮಷೀನು ಬಂತು, ಅದರ ಬೆನ್ನಿಗೇ ಫೋಮ್ ಗಾದಿ ಬಂತು. ಬಿಲ್ಲು ಗೂಟಕ್ಕೆ ಸೇರಿತು.

ಅಂಥ ದಿನಗಳಲ್ಲಿ ಒಮ್ಮೆ ಹೊಳೆದಂಡೆಯ ಸತ್ತಿ ಎಂಬ ಊರಿನ ಮಲಕಾರಿ ಒಂದು ಚೀಲ ಉಣ್ಣೆ ಹೊತ್ತು ಬಾಗಿಲಿಗೆ ಬಂದ. ಅವನು ಕುರಿಗಾರ. ಮಳೆ ಹಿಂದಾದ ಮೇಲೆ ಹೊಳೆದಂಡೆಯಿಂದ ಕುರಿ ಹೊಡೆದುಕೊಂಡು ಅಕ್ಕೋಳದ ಕಡೆಯ ಹೊಲಗಳಲ್ಲಿ ಹಟ್ಟಿ ಹಾಕುತ್ತಿದ್ದ. "ಮಷೀನಿನ್ಯಾವ ಉಣ್ಣಿ ಹಾಕಂಗಿಲ್ಲ ಅಂದ. ನೀವರ ಎಕ್ಕಿ ಒಂದು ಗಾದಿ ಮಾಡಿ ಕೊಡ್ರಿ," ಎಂದ.

ಹುಸೇನಮಿಯಾ ಬಿಲ್ಲು ಇಳಿಸಿ ಎರಡು ಹೊಡೆತ ಹೊಡೆದನಷ್ಟೆ. ಜಿಡ್ಡುಗಟ್ಟಿದ ಉಣ್ಣೆ ತಂತಿಗೆ ಸುತ್ತಿಕೊಂಡು ತಂತಿ ಟಣ್ ಎಂದು ಹರಿಯಿತು. ಅಪ್ಪನ ಕಾಲದ ತಂತಿ. ಅವನು ಬಿಲ್ಲನ್ನು ಗೂಟಕ್ಕೆ ಹಾಕಿ, "ಇನ್ನ ಈ ಕುರಿ ಕೂದಲಾ ನನ್ನ ಕಣ್ಣಿಗೆ ಬೀಳಬಾರದು," ಎಂದು ಹೊರಗೆ ನಡೆದ.

ಶಹಜಾದಬಿಗೆ ಹಿಡಿದ ಕೆಲಸ ಬಿಡುವುದು ಗೊತ್ತಿರಲಿಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡು ಚೀಲ ಸುರುವಿದಳು. ಹಿಕ್ಕೆ, ಮುಳ್ಳು, ಜಿಡ್ಡು, ಮೇಲೆ ತಲೆ ತಿರುಗುವ ವಾಸನೆ. ಹೊಲಸಾದ ಗಾದಿಯ ಅರಿವೆಯನ್ನು ಏನು ಮಾಡುತ್ತಿದ್ದಳೋ ಇದಕ್ಕೂ ಅದನ್ನೇ ಮಾಡಿದಳು. ಕುದಿಯುವ ನೀರು ಹಾಕಿದಳು, ಸೋಡಾ ಹಾಕಿದಳು, ಕಲ್ಲಿನ ಡೋಣಿಯಲ್ಲಿ ನಿಂತು ಸಿಟ್ಟು ತೀರುವ ತನಕ ತುಳಿದಳು. ಕುರುಬರ ಮನೆಯ ಸಣ್ಣ ಹುಡುಗಿ ಕೂಡ ಮಾಡದ ತಪ್ಪು ಅದು. ಹತ್ತಿಯಲ್ಲಿ ಕೈ ಪಳಗಿದವರು ಮಾತ್ರ ಮಾಡಬಲ್ಲರು. ಸಂಜೆ ಡೋಣಿಯಿಂದ ಹೊರಬಂದದ್ದು ಉಣ್ಣೆಯಲ್ಲ, ಒಂದು ದಪ್ಪನೆಯ ಹಲಗೆ.

ಹುಸೇನಮಿಯಾ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಗಾದಿ ಹೋತು. ಬಾಗಲಕ್ಕರ ಹಚ್ಚು, ಕಳ್ಳರು ಬರಂಗಿಲ್ಲ."

ಶಹಜಾದಬಿ ಅಳುಮೋರೆ ಮಾಡಿ ಅದನ್ನು ಎಳೆದು ಹರಿಯಲು ನೋಡಿದಳು. ಹರಿಯಲಿಲ್ಲ. ಗಂಡನನ್ನು ಕರೆದು ಇನ್ನೊಂದು ತುದಿ ಹಿಡಿಸಿದಳು. ಆಗಲೂ ಹರಿಯಲಿಲ್ಲ. ಹುಟ್ಟಿದಾಗಿನಿಂದ ಅವಳು ಕಂಡದ್ದು ಹತ್ತಿಯನ್ನು. ಉಸಿರು ತಾಗಿದರೆ ಸಾಕು, ಬಿಟ್ಟು ಹಾರಿ ಹೋಗುವಂಥದ್ದು. ಕುದಿನೀರು ಸುರಿದು ಕಾಲಿನಿಂದ ತುಳಿದಷ್ಟೂ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುವ ಪದಾರ್ಥ ಒಂದಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಂದು ರಾತ್ರಿ ಊಟಕ್ಕೆ ಕುಳಿತಾಗಲೂ ಅದನ್ನು ಪಕ್ಕದಲ್ಲಿಟ್ಟುಕೊಂಡು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಮಲಕಾರಿ ಬಂದಾಗ ಹೆದರುತ್ತಲೇ ತೋರಿಸಿದಳು. ಅವನು ಬೈಯಲಿಲ್ಲ. ನೆಲಕ್ಕೆ ಹಾಕಿ ಅದರ ಮೇಲೆ ಕುಳಿತ, ಎದ್ದ, ಮತ್ತೆ ಕುಳಿತ. "ಅಡವ್ಯಾಗ ಕುಂದರಾಕ ಭಾಳ ಬೇಸಿ ಆತಲ್ಲಬೇ ಅಕ್ಕಾ," ಎಂದು ಹೆಗಲಿಗೆ ಹಾಕಿಕೊಂಡು ಹೋದ. ಮುಂದಿನ ಸುಗ್ಗಿಗೆ ಬಂದವನು ಎರಡು ಚೀಲ ಉಣ್ಣೆ ತಂದಿದ್ದ. "ಒಂದಿಡೀ ಮಳಿಗಾಲ ಅದರ ಮ್ಯಾಲ ಮಲಗೇನಿ. ಒಂದ ಹನಿ ನೀರು ಮೈಗೆ ಹತ್ತಿಲ್ಲ. ನಮ್ಮ ಮಂದೀಗೆಲ್ಲಾ ಒಂದೊಂದು ಬೇಕಂತ."

*

ಮಯ್ಯತ್ತಿನ ಸ್ನಾನಕ್ಕೆ, ಗುಸಲಿಗೆ, ನೀರು ಕಾಸಲು ಅಂಗಳದ ಮೂಲೆಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದರು. ಮರೆಗೆ ಚಾದರ ಕಟ್ಟಿದರು. ಹೆಂಗಸರು ಶಹಜಾದಬಿಗೆ ಸ್ನಾನ ಮಾಡಿಸಿದರು. ನೀರು ಹಾಕುವ ಕೆಲಸ ಹೀನಾಳದು. ಬಲಗಡೆ ಮೊದಲು, ಆಮೇಲೆ ಎಡಗಡೆ. ಅತ್ತೆಯ ಅಂಗೈಯಲ್ಲಿ ಬಿಸಿನೀರಿಗೆ ಗಟ್ಟಿಯಾದ ಚರ್ಮ ಇನ್ನೂ ಹಾಗೇ ಇತ್ತು. ಉಗುರಿನ ಸಂದಿಯಲ್ಲಿ ಒಂದೆರಡು ಕರಿ ಎಳೆ ಸಿಕ್ಕಿಕೊಂಡಿದ್ದವು. ಹೀನಾ ಅವನ್ನು ಮೆಲ್ಲನೆ ಬಿಡಿಸಿ ತೆಗೆದಳು. ಆಗ ಅವಳಿಗೆ ತಡೆಯಲಾಗದೆ ಅಳು ಬಂತು.

ಮರೆಯ ಹೊರಗೆ ಪಕ್ಕದ ಮನೆಯ ಪದ್ಮವ್ವ ಕುಳಿತಿದ್ದಳು. ಜೈನರ ಮುದುಕಿ. ದುಃಖದ ಮನೆಗೆಂದು ಚಹಾದ ಕೆಟಲು, ಅವಲಕ್ಕಿ ತಂದಿದ್ದಳು. ಅಳುವುದು, ಮಾತಾಡುವುದು ಎರಡನ್ನೂ ಒಟ್ಟಿಗೆ ಮಾಡುವುದು ಅವಳಿಗೆ ಬರುತ್ತಿತ್ತು.

"ಈ ಮನಿ ಮುಂದ ನಾ ಮೂಗ ಮುಚಗೊಂಡ ಹಾಯತಿದ್ನಿ ನೋಡವಾ," ಎಂದು ಬಾನುಬಿಗೆ ಹೇಳುತ್ತಿದ್ದಳು. "ಆಕಿ ಒಳಗಿಂದ ಒದರತಿದ್ಲು. 'ಪದ್ಮವ್ವಾ, ಮೂಗ ಮುಚಗೊಂಡರ ಬಾಯಿ ತಗೀಬೇಕಾಗತೈತಿ, ವಾಸನಿ ಸೀದಾ ಹೊಟ್ಟ್ಯಾಗ ಹೋಗತೈತಿ' ಅಂತ. ಈಗ ನಮ್ಮ ಮನ್ಯಾಗ ಆಕಿ ಮಾಡಿದ್ದ ಉಣ್ಣಿ ಹಾಸು ಐತಿ. ದೇವರ ಕೋಲ್ಯಾಗ ಒಯ್ಯಂಗಿಲ್ಲ, ಆದರ ರಾತ್ರಿ ಮೊಣಕಾಲಿಗೆ ಅದು ಇಲ್ಲಂದ್ರ ನಿದ್ದಿ ಬರಂಗಿಲ್ಲ."

"ಕುರಿ ಉಣ್ಣಿ ನಿಮಗ ನಡಿತೈತೇನವಾ?" ಎಂದು ಬಾನುಬಿ ಕೇಳಿದಳು.

"ನಾನೂ ಅದನ್ನ ಕೇಳಿದ್ನಿ. ಕುರಿಗೆ ನೋವಾಗತಿರಬೇಕು, ಪಾಪ ಬರತೈತಿ ಅಂದ್ನಿ. 'ನಡಿ, ಕಣ್ಣಾರೆ ನೋಡು' ಅಂತ ನನ್ನ ಸತ್ತಿಗೆ ಕರಕೊಂಡ ಹ್ವಾದ್ಲು."

*

ಅಂದು ಪದ್ಮವ್ವ, ಶಹಜಾದಬಿ ಇಬ್ಬರೂ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಅಥಣಿ ದಾರಿ ಹಿಡಿದು, ಹೊಳೆದಂಡೆಯ ಹಟ್ಟಿ ಮುಟ್ಟಿದಾಗ ಮಲಕಾರಿ ಕುರಿಯೊಂದನ್ನು ತೊಡೆಗೆ ಒರಗಿಸಿಕೊಂಡು ಉಣ್ಣೆ ಕತ್ತರಿಸುತ್ತಿದ್ದ. ಕುರಿ ಅರ್ಧ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಕೆಲಸ ಮುಗಿದು ಬಿಟ್ಟೊಡನೆ ಮೈ ಝಾಡಿಸಿ, ನಾಲ್ಕೂ ಕಾಲು ಎತ್ತಿ ಒಂದು ನೆಗೆತ ನೆಗೆಯಿತು.

ಪದ್ಮವ್ವ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು. "ಪಾಪಾ ಇಲ್ಲ, ಏನೂ ಇಲ್ಲ. ಮೈ ಹಗುರಾತಂತ ಕುಣ್ಯಾಕತ್ತೇತಿ."

ಶಹಜಾದಬಿ ಅದನ್ನು ನೋಡುತ್ತಲೇ ಇರಲಿಲ್ಲ. ಆಗಷ್ಟೇ ಕತ್ತರಿಸಿದ ರಾಶಿಯಲ್ಲಿ ಮೊಣಕೈ ತನಕ ಕೈ ಹುಗಿದು ಕುಳಿತಿದ್ದಳು. "ಇನ್ನೂ ಬಿಸಿ ಐತಿ ಪದ್ಮವ್ವಾ. ಮುಟ್ಟಿ ನೋಡು," ಎಂದಳು. ಮರಿಯ ಮೊದಲ ಉಣ್ಣೆ, ಕುತ್ತಿಗೆಯದು, ಬೆನ್ನಿನದು, ಮುದಿ ಕುರಿಯದು ಎಂದು ಸಣ್ಣ ಸಣ್ಣ ಗುಂಪು ಮಾಡಿದಳು. ಕರಿ ಎಂದುಕೊಂಡಿದ್ದ ಉಣ್ಣೆಯನ್ನು ಬಿಸಿಲಿಗೆ ಹಿಡಿದರೆ ತುದಿ ಕೆಂಪಗೆ ಕಾಣುತ್ತಿತ್ತು. ಎರಡು ಕರಿ ಕುರಿಗಳ ಬಣ್ಣ ಒಂದೇ ಇರಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಪದ್ಮವ್ವ ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

ಅಲ್ಲಿಯವರೆಗೆ ಶಹಜಾದಬಿ ಹಾಸುಗಳ ಮೇಲೆ ಗಿರಾಕಿಗಳು ಕೇಳಿದಂತೆ ಕೆಂಪು ಗುಲಾಬಿ, ಹಸಿರು ಗಿಳಿ ಕೂರಿಸುತ್ತಿದ್ದಳು. ಊರಿಗೆ ಬಂದವಳೇ ಬಣ್ಣದ ಡಬ್ಬಿಗಳನ್ನೆಲ್ಲ ಹೋಳಿ ಆಡಿರೆಂದು ಓಣಿಯ ಹುಡುಗರಿಗೆ ಕೊಟ್ಟುಬಿಟ್ಟಳು. ಆಮೇಲೆ ಅವಳ ಹಾಸಿನಲ್ಲಿ ಬಂದದ್ದೆಲ್ಲ ಕುರಿಯ ಮೈಮೇಲಿದ್ದ ಬಣ್ಣವೇ. ಬೂದು ಉಣ್ಣೆಯಲ್ಲಿ ಹೊಳೆ ಮಾಡಿದಳು, ಕರಿಯದರಲ್ಲಿ ಎರೆಹೊಲ ಮಾಡಿದಳು, ಕಂದು ಬಣ್ಣದಲ್ಲಿ ಒಣಗಲು ತೂಗುಹಾಕಿದ ತಂಬಾಕಿನ ಎಲೆ ಮಾಡಿದಳು. ನೂಲಿಲ್ಲ, ಮಗ್ಗವಿಲ್ಲ, ಸೂಜಿಯಿಲ್ಲ. ಉಣ್ಣೆ ಹರವಿ, ಬಿಸಿನೀರು ಚಿಮುಕಿಸಿ, ಸುತ್ತಿ, ತುಳಿಯುವುದು, ಎಂದರೆ ಕಾಲಿನಿಂದಲೋ ಮುಂಗೈಯಿಂದಲೋ ಒತ್ತಿ ಉರುಳಿಸುವುದು, ಅಷ್ಟೆ.

ಕೈಕೆಲಸದ ಪ್ರದರ್ಶನ ನಡೆಸುವ ಪುಣೆಯವರು ಒಮ್ಮೆ ಅವಳ ಹಾಸುಗಳನ್ನು ಒಯ್ದರು. ಅತ್ತೆಯ ಜೊತೆ ಹೀನಾಳೂ ಹೋಗಿದ್ದಳು. ಹೊಳೆಯ ಹಾಸನ್ನು ಅಲ್ಲಿ ಗೋಡೆಗೆ ತೂಗು ಹಾಕಿದ್ದರು. ಶಹಜಾದಬಿ ಕಣ್ಣರಳಿಸಿ, "ಯಾಕ್ರಿ, ಗ್ವಾಡಿಗೆ ಥಂಡಿ ಹತ್ತೇತೇನ?" ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ನಗು ಮುಗಿದ ಮೇಲೆ ಮಾತ್ರ ಅಲ್ಲಿಂದ ಅಲುಗಲಿಲ್ಲ. ಅಲ್ಲಿಯವರೆಗೆ ತನ್ನ ಕೆಲಸವನ್ನು ಅವಳು ನೆಲದ ಮೇಲೆ ಬಾಗಿ ಕಂಡಿದ್ದಳೇ ಹೊರತು ಎದುರು ನಿಂತು ನೋಡಿರಲಿಲ್ಲ.

"ಇದನ್ನ ನಾ ಮಾಡೇನೇನ ಹೀನಾ?"

"ಹೌದ್ರಿ ಅತ್ತಿ, ನೀವ ಮಾಡೀರಿ."

"ಮಾಡೇನಿ ನೋಡು," ಎಂದಳು ಶಹಜಾದಬಿ. ಅವಳ ಮುಖದಲ್ಲಿ ನಾಚಿಕೆ ಇರಲಿಲ್ಲ. ಮಗ ಹುಟ್ಟಿದಾಗಲೂ ಇಷ್ಟು ಬೀಗಿರಲಿಲ್ಲವೆಂದು ಆಮೇಲೆ ಅವಳೇ ಹೇಳಿಕೊಂಡು ತಿರುಗಿದಳು.

ಕೊನೆಕೊನೆಗೆ ಚಿತ್ರಗಳೂ ಕಡಿಮೆಯಾದವು. ಉಣ್ಣೆ ಬಿಡಿಸುತ್ತ ಕುಳಿತರೆ ಊಟದ ನೆನಪಿರುತ್ತಿರಲಿಲ್ಲ. "ಮೊದಲ ಇದನ್ನ ಬೈತಿದ್ನಿ. ಆಮ್ಯಾಲೆ ದುಡಿಸಿಕೊಂಡ್ನಿ. ಈಗ ಸುಮ್ನ ಮುಟ್ಟಿಕೋತ ಕುಂತರೂ ಹೊತ್ತ ಹೋಗತೈತಿ," ಎನ್ನುತ್ತಿದ್ದಳು. ಮಲಕಾರಿ ಕುರಿ ಮಾರುತ್ತಾನೆಂದು ತಿಳಿದಾಗ ಎರಡು ಹೊತ್ತು ಉಣ್ಣಲಿಲ್ಲ. ಅವನನ್ನು ಬೈಯುವಂತೆಯೂ ಇರಲಿಲ್ಲ. ಉಣ್ಣೆ ಯಾರಿಗೂ ಬೇಡ, ಎಲ್ಲರಿಗೂ ಬೇಕಾದದ್ದು ಮಾಂಸ. ಅವನ ಮಕ್ಕಳು ಕರಿ ಕುರಿ ಮಾರಿ, ಮಾಂಸಕ್ಕೆಂದು ಸಾಕುವ ಮಾಡಗ್ಯಾಳ ತಳಿಯ ಕುರಿ ಕಟ್ಟುವವರಿದ್ದರು, ಅವುಗಳ ಮೈಮೇಲೆ ಕತ್ತರಿಸುವಷ್ಟು ಉಣ್ಣೆಯೇ ಇರುವುದಿಲ್ಲ. ಶಹಜಾದಬಿ ತಾನೇ ಸತ್ತಿಗೆ ಹೋಗಿ ಕೊನೆಯ ಉಣ್ಣೆ ತಂದಳು. ಯಾರ ಆರ್ಡರೂ ಇಲ್ಲದ, ಇದುವರೆಗೆ ಮಾಡಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ಹಾಸು ಹರವಿದಳು. ಹರವುವಾಗ ಹೀನಾಳನ್ನೂ ಹತ್ತಿರ ಬಿಡಲಿಲ್ಲ. "ತುಳಿಯಾಕ ಬಾ, ನೋಡಾಕ ಬ್ಯಾಡ. ಬಿಚ್ಚಿದ ಮ್ಯಾಲ ಎಲ್ಲಾರೂ ಕೂಡೇ ನೋಡ್ರಿ," ಎಂದಿದ್ದಳು.

*

ಕಫನು ಉಡಿಸಿದ ಮೇಲೆ ಮುಖ ನೋಡಲು ಹುಸೇನಮಿಯಾನನ್ನು ಒಳಗೆ ಕರೆದರು. ಅವನು ಬಂದು ನಿಂತ. ಕೈ ತಾನಾಗಿ ಹೆಂಡತಿಯ ಹಣೆಯ ಕಡೆ ಹೋಯಿತು. ಬಾನುಬಿ ಮೆಲ್ಲನೆ ಅವನ ಮಣಿಕಟ್ಟು ಹಿಡಿದಳು. ರಿವಾಜಿನ ಪ್ರಕಾರ ಗಂಡನಾದವನು ಈಗ ನೋಡಬಹುದು, ಮುಟ್ಟುವಂತಿಲ್ಲ. ಅವನಿಗೂ ಅದು ಗೊತ್ತಿತ್ತು. ಕೈ ಹಿಂದಕ್ಕೆ ತೆಗೆದುಕೊಂಡು, ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಅಂಗಳಕ್ಕೆ ಬಂದ.

ಸುರುಳಿ ಅಲ್ಲೇ ಇತ್ತು. ಅವನು ಪಕ್ಕದಲ್ಲಿ ಕುಳಿತು ಗೋಣಿಚೀಲ ಸರಿಸಿ ಅದರ ಮೇಲೆ ಅಂಗೈ ಇಟ್ಟ. ಹೀನಾ ಬಾಗಿಲಲ್ಲಿ ನಿಂತು ನೋಡಿದಳು. ಉಣ್ಣೆ ಒಣಗಿಸಿದ ಕಡೆ ಹಾದು ಹೋಗದೆ ಸುತ್ತು ಹಾಕಿ ನಡೆಯುತ್ತಿದ್ದ ಮನುಷ್ಯ ಅವನು. ಈಗ ಕೈ ತೆಗೆಯುತ್ತಿರಲಿಲ್ಲ.

ಬಾನುಬಿ ಹಿಂದೆಯೇ ಬಂದಳು. "ತಮ್ಮಾ, ನೀನರ ನಿನ್ನ ಸೊಸೀಗೆ ಹೇಳು. ಇದನ್ನ ಇವತ್ತ ತುಳೀಬೇಕಂತಾಳ."

ಹುಸೇನಮಿಯಾ ಹೀನಾಳ ಕಡೆ ನೋಡಿದ. "ಎಷ್ಟ ಹೊತ್ತ ಹಿಡಿತೈತಿ?"

"ಸಂಜೀ ಮಟಾ ರಿ ಮಾವಾ."

"ನಿನಗ ಒಬ್ಬಾಕಿಗೇ ಆಗತೈತಿ?"

"ಗೊತ್ತಿಲ್ರಿ. ಬಿಚ್ಚೂದು ಯಾವಾಗ ಅಂತ ಯಾವಾಗೂ ಅತ್ತೀನ ಹೇಳತಿದ್ರು. ಆದರ ಬಿಟ್ಟರಂತೂ ಕೆಡತೈತಿ."

"ಬಿಸಿನೀರು ಬೇಕಲ್ಲ?"

"ಬೇಕ್ರಿ. ಆದರ ಒಲಿ ಹಚ್ಚಂಗಿಲ್ಲಂತ..."

ಅವನು ಅಂಗಳದ ಮೂಲೆಗೆ ಕೈ ತೋರಿಸಿದ. ಗುಸಲಿಗೆ ನೀರು ಕಾಸಿದ ಮೂರು ಕಲ್ಲಿನ ನಡುವೆ ಕೆಂಡ ಇನ್ನೂ ಕೆಂಪಗಿತ್ತು. "ಹಚ್ಚಬ್ಯಾಡ. ಹತ್ತಿದ್ದ ಒಲಿ ಐತಿ. ಇನ್ನೊಂದು ಹಂಡೆ ಇಡು." ಎದ್ದು ನಿಂತು ಅಕ್ಕನಿಗೆ ಹೇಳಿದ: "ಆಪಾ, ನನ್ನ ಹೇಣತಿ ಒಂದ ಕೆಲಸಾನೂ ಅರ್ಧಕ್ಕ ಬಿಟ್ಟಾಕಿ ಅಲ್ಲ. ಇವತ್ತ ನಾವು ಬಿಡಸೂದು ಬ್ಯಾಡ."

ಅಷ್ಟರಲ್ಲಿ ಮಲಕಾರಿ ಬಂದ. ಸತ್ತಿಯಿಂದ ಮೂರು ಬಸ್ಸು ಬದಲಿಸಿ ಬಂದಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಕುರಿ ಮಾರಿದ ಮೇಲೂ ಕೋಲು ಬಿಟ್ಟಿರಲಿಲ್ಲ. ಹುಸೇನಮಿಯಾನ ಕೈ ಹಿಡಿದುಕೊಂಡು, "ಅಕ್ಕ ಹ್ವಾದ್ಲಲ್ಲರೀ," ಎಂದ. ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಂಡ. ಮಧ್ಯಾಹ್ನದ ಜುಹರಿನ ನಮಾಜಾಗುತ್ತಲೇ ಗಂಡಸರ ಹೆಗಲ ಮೇಲೆ ಜನಾಜಾ ಎದ್ದಿತು. ಮಲಕಾರಿಯೂ ನಾಲ್ಕು ಹೆಜ್ಜೆ ಹೆಗಲು ಕೊಟ್ಟ. ಗಂಡಸರೆಲ್ಲ ಕಬರಸ್ತಾನದ ಕಡೆ ನಡೆದರು. ಹೆಂಗಸರು ಬಾಗಿಲಿನ ತನಕ ಬಂದು ನಿಂತರು.

*

ಹೀನಾ ಕುದಿನೀರಿಗೆ ಅಂಟವಾಳ ಕಲಸಿ ಸುರುಳಿಯ ಮೇಲೆ ಉದ್ದಕ್ಕೂ ಸುರಿದಳು. ಆವಿಯೊಂದಿಗೆ ಕುರಿಯ ವಾಸನೆ ಎದ್ದಿತು. ಸೆರಗು ಸೊಂಟಕ್ಕೆ ಕಟ್ಟಿ ಮೊಣಕಾಲೂರಿ, ಮುಂಗೈಯಿಂದ ಸುರುಳಿಯನ್ನು ಒತ್ತಿ ಉರುಳಿಸಿದಳು. ಅದು ಜಗ್ಗಲಿಲ್ಲ. ನೀರು ಕುಡಿದ ಅಷ್ಟುದ್ದದ ಸುರುಳಿಗೆ ಒಬ್ಬಳ ಬಲ ಏನೂ ಅಲ್ಲ.

"ಸರಿ ಅತ್ತಾಗ," ಎಂದು ಪದ್ಮವ್ವ ಪಕ್ಕದಲ್ಲಿ ಕುಳಿತಳು. "ಹೆಂಗೂ ಮನೀಗೆ ಹೋಗಿ ತಲಿ ಮ್ಯಾಲ ನೀರ ಹಾಕೊಳ್ಳೂದು ಐತಿ. ಮೈಲಿಗಿ ಆಗೇ ಆಗೇತಿ, ಪೂರಾ ಆಗ್ಲಿ." ಓಣಿಯ ಇನ್ನಿಬ್ಬರು ಹೆಂಗಸರು ಬಂದರು. ನಾಲ್ವರೂ ಸಾಲಾಗಿ ಕುಳಿತು ಒತ್ತಿದರೂ ಒಬ್ಬೊಬ್ಬರ ಕೈ ಒಂದೊಂದು ಹೊತ್ತಿಗೆ ಹೋಗಿ ಸುರುಳಿ ಓರೆಯಾಯಿತು.

ಬಾನುಬಿ ಗೋಡೆಗೆ ಒರಗಿ ತಸಬಿಯ ಮಣಿ ಎಣಿಸುತ್ತಿದ್ದಳು. ಮಯ್ಯತ್ ಹೋದ ಮೇಲೆ ಹೆಂಗಸರು ಕುಳಿತು ಕಲಮಾ ಓದುವುದು ಪದ್ಧತಿ. ಸುರುಳಿ ಓರೆಯಾಗಿ ಹೊರಳುವುದನ್ನು ನೋಡಿ ನೋಡಿ ಅವಳಿಗೆ ತಡೆಯಲಾಗಲಿಲ್ಲ. ಎಷ್ಟೆಂದರೂ ಅವಳೂ ನದಾಫರ ಮಗಳು, ಕೈಕೆಲಸ ಕೆಡುವುದನ್ನು ನೋಡಲಾರಳು. "ಏ, ಹಿಂಗಲ್ಲ. ಎಲ್ಲಾರೂ ಕೂಡೇ ಒತ್ರಿ," ಎಂದು ಗದರಿ, ದೊಡ್ಡ ದನಿಯಲ್ಲಿ ಕಲಮಾ ಹೇಳತೊಡಗಿದಳು. ಅವಳ ಕಲಮಾದ ಲಯಕ್ಕೆ ಹೆಂಗಸರು ಒಟ್ಟಿಗೆ ಒತ್ತಿದರು. ಪದ್ಮವ್ವ ತನ್ನ ಮನಸ್ಸಿನಲ್ಲೇ ಜೈನರ ಣಮೋಕಾರ ಮಂತ್ರ ಹೇಳಿಕೊಂಡರೂ ಕೈ ಮಾತ್ರ ಅದೇ ಹೊತ್ತಿಗೆ ಬೀಳುತ್ತಿತ್ತು. ಸುರುಳಿ ನೆಟ್ಟಗೆ ಹೋಯಿತು, ನೆಟ್ಟಗೆ ಬಂತು. ಇನ್ನೊಂದಿಷ್ಟು ಹೊತ್ತಿಗೆ ಬಾನುಬಿಯೂ ತಸಬಿ ಕೊರಳಿಗೆ ಹಾಕಿಕೊಂಡು ಸಾಲಿನಲ್ಲಿ ಕುಳಿತಿದ್ದಳು.

ಹೀನಾ ಒಮ್ಮೆ ಹಗ್ಗ ಬಿಚ್ಚಿ ನೋಡಿದಳು. ಮೇಲೆ ಕಂಡದ್ದು ಹಾಸಿನ ಬೆನ್ನು, ಬರೀ ಕರಿ. ಚಿತ್ರ ಹಾಕುವ ಮುಖವನ್ನು ಶಹಜಾದಬಿ ಯಾವಾಗಲೂ ಚಾಪೆಯ ಕಡೆಗೆ ಮಾಡಿಯೇ ಹರವುತ್ತಿದ್ದಳು. ಬೆಳಿಗ್ಗೆ ಗಂಡಸರು ಎತ್ತಿದಾಗ ಜಗ್ಗಿದ್ದ ನಡುವಿನಲ್ಲಿ, ಸಡಿಲಾದ ಹಗ್ಗದ ಕೆಳಗೆ, ಉದ್ದನೆಯ ಒಂದು ಸುಕ್ಕು ಬಿದ್ದಿತ್ತು. ಅವಳು ಬಾಗಿ ಬೆರಳಿನಿಂದ ಮುಟ್ಟಿ ನೋಡಿದಳು. ಎಳೆದರೆ ಹಾಸು ತೆಳ್ಳಗಾಗಿ ತೂತು ಬೀಳುತ್ತದೆ, ಬಿಟ್ಟರೆ ಸುಕ್ಕು ಹಾಗೇ ಉಳಿಯುತ್ತದೆ. ಅತ್ತೆಯನ್ನು ಕೇಳೋಣವೆಂದು ತಲೆಯೆತ್ತಿ, ಕೇಳುವವರಿಲ್ಲವೆಂಬುದು ನೆನಪಾಗಿ, ತಾನೇ ಬಿಸಿನೀರು ಬಿಟ್ಟಳು. ಅಂಗೈ ಚಪ್ಪಟೆ ಮಾಡಿ, ಸುಕ್ಕಿನ ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪವೇ ಸವರಿ ಕೂರಿಸಿದಳು. ಹೊತ್ತು ಹಿಡಿಯಿತು. ಸುಕ್ಕು ಇಳಿಯಿತು. ಮತ್ತೆ ಸುತ್ತಿದರು, ಮತ್ತೆ ಉರುಳಿಸಿದರು.

ಗಂಡಸರು ಮಣ್ಣು ಕೊಟ್ಟು ಬಂದು, ಇಳಿಹೊತ್ತಿನ ಅಸರಿನ ನಮಾಜೂ ಮುಗಿಸಿ, ಅಂಗಳದ ಅಂಚಿನಲ್ಲಿ ಕುಳಿತಿದ್ದರು. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯಲ್ಲಿ ಹಾಯುತ್ತಿದ್ದವು. ಯಾರೂ ಏಳಲಿಲ್ಲ. ಹೀನಾ ಕೊನೆಯ ಸಲ ಬಿಚ್ಚಿ, ಎರಡು ಬೆರಳಿನಿಂದ ಹಾಸನ್ನು ಚಿವುಟಿ ಎತ್ತಿದಳು. ಒಂದೂ ಎಳೆ ಬಿಡಿಯಾಗಿ ಮೇಲೆ ಬರಲಿಲ್ಲ. ಇಡೀ ಹಾಸು ಎದ್ದಿತು.

"ಹಿಡದೈತಿ," ಎಂದಳು. ಅವಳ ಕೊರಳಿನಲ್ಲಿ ಅಳುವೂ ಇತ್ತು, ಹೆಮ್ಮೆಯೂ ಇತ್ತು. ಇವತ್ತು ಹೆಮ್ಮೆಪಡಬಾರದು ಎಂದು ಅವಳಿಗೆ ಅನ್ನಿಸಲೇ ಇಲ್ಲ.

ಹೆಂಗಸರು ನಾಲ್ಕು ಮೂಲೆ ಹಿಡಿದು ಹಾಸನ್ನು ಮಗುಚಿ ಹಾಕಿದರು. ಎಲ್ಲರೂ ಬಾಗಿ ನೋಡಿದರು. ಹೊಳೆ ಇರಲಿಲ್ಲ, ಹೊಲ ಇರಲಿಲ್ಲ, ಎಲೆ ಇರಲಿಲ್ಲ. ಕರಿ, ಕಂದು, ಬೂದು, ಮಾಸಲು ಬಿಳಿ ಹೀಗೆ ಬಣ್ಣದ ತೇಪೆಗಳು ಒಂದರ ಪಕ್ಕ ಒಂದು, ಕೆಲವು ಕಡೆ ಒಂದರ ಮೇಲೊಂದು ನುಗ್ಗಿ, ಈ ತುದಿಯಿಂದ ಆ ತುದಿಯ ತನಕ ತುಂಬಿದ್ದವು.

"ಚಿತ್ರಾನ ಹಾಕಿಲ್ಲಲ್ಲ ಈಕಿ," ಎಂದಳು ಪದ್ಮವ್ವ.

ಹೀನಾ ಸುಕ್ಕಿದ್ದ ಜಾಗಕ್ಕೆ ಕೈ ಹಾಕಿದಳು. "ಹಾಕಿರತಾರ. ನಾನ ಸರಿಸಿ ಕೆಡಿಸೇನೇನೋ. ಸುಕ್ಕ ತಗದ್ನಲ್ಲಾ, ಆಗ..."

"ಕೆಟ್ಟಿಲ್ಲ ತಂಗಿ," ಎಂದ ಮಲಕಾರಿ.

ಅವನು ಎದ್ದು ಬಂದು ಹಾಸಿನ ಅಂಚಿನಲ್ಲಿ ಮೊಣಕಾಲೂರಿದ್ದ. ಮುಂದಿನ ತುದಿಯ ದೊಡ್ಡ ಕರಿ ತೇಪೆಯ ಮೇಲೆ ಕೈಯಿಟ್ಟು, "ಇದು ಕರೇವ್ವ," ಎಂದ. ಪಕ್ಕದ ತುದಿಗೆಂಪಿನದನ್ನು ಸವರಿ, "ಇದು ಕೆಂಚಿ. ಕರೇವ್ವನ ಮಗಳು, ತಾಯಿ ಬಲಕ್ಕ ಬಿಟ್ಟರ ಎಡಕ್ಕ ನಡಿಯೂದಿಲ್ಲ," ಎಂದ. ಕೈ ಮುಂದೆ ಸರಿಯಿತು. "ಇದು ಬೂದಿ. ಇದು ಮಚ್ಚಿ. ಇದು ಕುಂಟಿ, ಯಾವಾಗೂ ಬಗಲಾಗ. ಇವು ಅವಳಿ ಮರಿ." ಅವನ ಬೆರಳು ನಿಲ್ಲುತ್ತಿರಲಿಲ್ಲ, ಹೆಸರು ತಪ್ಪುತ್ತಿರಲಿಲ್ಲ.

"ಕಡೀ ಸಲ ಕತ್ತರಸೂವಾಗ ಬಂದು ಕುಂತಿದ್ಲರೀ," ಎಂದು ಹುಸೇನಮಿಯಾನ ಕಡೆ ತಿರುಗಿ ಹೇಳಿದ. "ಒಂದೊಂದರ ಉಣ್ಣಿ ಬ್ಯಾರೆ ಬ್ಯಾರೆ ಕಟ್ಟಿಸಿಕೊಂಡ್ಲು. ಯಾವುದು ಮುಂದ ನಡಿತೈತಿ, ಯಾವುದು ಯಾವುದರ ಬಗಲಾಗ ಇರತೈತಿ ಅಂತ ಕೇಳಿಕೋತ ಕುಂತ್ಲು. ಅಕ್ಕಗ ಹೊತ್ತ ಹೋಗವಲ್ದು ಅಂತ ತಿಳದು ನಾ ಹೇಳಿದ್ನಿ. ನನ್ನ ಕುರಿ ಎಲ್ಲಾ ಅದಾವ್ರಿ. ಹೆಂಗ ನಡೀತಿದ್ವು, ಹಂಗ ಅದಾವ."

ಹುಸೇನಮಿಯಾ ಹೇಳಿದ, "ನನ್ನ ಶಹಜಾದಿ ಮಾಡ್ಯಾಳ." ಎಲ್ಲರಿಗೂ ಕೇಳಲಿ ಎಂಬಂತೆ ಇನ್ನೊಮ್ಮೆ ಹೇಳಿದ.

ಮಲಕಾರಿ ಎದ್ದು ನಿಂತ. ಗೋಡೆಗೆ ಆನಿಸಿದ್ದ ಕೋಲು ತೆಗೆದುಕೊಂಡ. ಹಾಸಿನ ಹಿಂದಿನ ತುದಿಗೆ ಹೋಗಿ, ಒಂದು ಕಾಲನ್ನೂ ಅದರ ಮೇಲಿಡದೆ, ಅಂಚಿನ ಗುಂಟ ಮೆಲ್ಲಗೆ ನಡೆಯತೊಡಗಿದ. ಬಾಯಿಂದ, ಕುರಿ ಹೊಡೆಯುವಾಗಿನಂತೆ, ಹುರ್ರ್ ಹುರ್ರ್ ಎಂಬ ಸಣ್ಣ ಸದ್ದು ಬರುತ್ತಿತ್ತು. ಅಂಗಳದಲ್ಲಿದ್ದ ಹೆಂಗಸರು, ಗಂಡಸರು ಎಲ್ಲರೂ ದಾರಿ ಬಿಟ್ಟು ಹಿಂದೆ ಸರಿದು ಗೋಡೆಗೆ ಒತ್ತಿ ನಿಂತರು.